ಗೋದಾವರಿಯ ಕಡೆಯ ಕೇಳುವ ಊರುಗಳು



ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲೆಲ್ಲ ಮೊದಲನೆಯದಾದ ಕವಿರಾಜಮಾರ್ಗವು, ಕ್ರಿಸ್ತಶಕ 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದಾಗ, ಕನ್ನಡ ನಾಡಿನ ವಿಸ್ತಾರವನ್ನು ತೆಂಕಣ ಕಾವೇರಿಯಿಂದ ಬಡಗಣ ಗೋದಾವರಿಯವರೆಗೆ ಅಳೆದು ಹೇಳಿತೆಂಬುದನ್ನು ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಕಾವೇರಿಯನ್ನು ಕಂಡಿರುವ ಕನ್ನಡಿಗರಲ್ಲಿ ಗೋದಾವರಿಯನ್ನು ಕಂಡವರು ಎಷ್ಟು ಮಂದಿ? ಕಂಡವರಲ್ಲಿಯೂ ತ್ರ್ಯಂಬಕೇಶ್ವರದಲ್ಲಿ ಪೂಜೆ ಮಾಡಿಸಿ, ಶಿರಡಿಗೆ ಹೋಗಿ, ಎಲ್ಲೋರಾದ ಕೈಲಾಸವನ್ನು ನೋಡಿ, ರಾತ್ರಿಯ ಬಸ್ಸಿಗೆ ಹಿಂದಿರುಗಿದವರೇ ಹೆಚ್ಚು. ಆ ನದಿಯ ದಡದ ನಾಸಿಕದಲ್ಲಿಯೂ, ನದಿಗೆ ತುಸು ದೂರದಲ್ಲಿದ್ದು ಹಿಂದೆ ಔರಂಗಾಬಾದೆಂದು ಹೆಸರಾಗಿ ಈಗ ಛತ್ರಪತಿ ಸಂಭಾಜಿನಗರವೆಂದು ಕರೆಯಿಸಿಕೊಳ್ಳುವ ಪಟ್ಟಣದಲ್ಲಿಯೂ ಜನ ಏನನ್ನು ಓದುತ್ತಾರೆ, ಎಲ್ಲಿ ಕುಳಿತು ಮಾತಾಡುತ್ತಾರೆ, ಯಾರ ಮಾತನ್ನು ಕೇಳುವುದಕ್ಕೆ ತಮ್ಮ ಸಂಜೆಯನ್ನು ಮೀಸಲಿಡುತ್ತಾರೆ ಎಂದು ವಿಚಾರಿಸಿದವರು ವಿರಳ. ಈಚೆಗೆ ಮೇ ತಿಂಗಳಲ್ಲಿ ಆ ಕಡೆ ಸ್ವಲ್ಪ ಕಾಲ ಇದ್ದು ಬರುವ ಸುಯೋಗ ನನಗೆ ಒದಗಿತು. ಆ ಊರುಗಳಲ್ಲಿ ಸಾಹಿತ್ಯವೆಂಬುದು ಇಂದಿಗೂ ಬಹುಮಟ್ಟಿಗೆ ಕಿವಿಯ ವ್ಯವಹಾರವಾಗಿ ಉಳಿದಿದೆ. ಜನ ಒಟ್ಟಾಗಿ ಕುಳಿತು ಕೇಳುತ್ತಾರೆ, ಕೇಳಿದ್ದನ್ನು ಚಹಾದ ಅಂಗಡಿಯಲ್ಲಿ ಮತ್ತೊಮ್ಮೆ ಆಡಿ ನೋಡುತ್ತಾರೆ, ಆಮೇಲೆ ಮನೆಗೆ ಹೋಗಿ ಓದುತ್ತಾರೆ. ಧ್ವನಿಯೊಂದನ್ನೇ ನಂಬಿರುವ ಈ ಬಾನುಲಿಯ ಮೂಲಕ ಅಂಥ ಊರುಗಳ ವರ್ತಮಾನವನ್ನು ನಿಮಗೆ ಒಪ್ಪಿಸುವುದು ಉಚಿತವೆಂದು ನನಗೆ ತೋರಿತು.

ಸಂಭಾಜಿನಗರಕ್ಕೆ ವಿಮಾನದಲ್ಲಿ ಹೋಗುವವರು ಇಳಿಯುವುದು ಚಿಕಲಠಾಣಾ ಎಂಬಲ್ಲಿ. ಪಟ್ಟಣದ ಮೂಡಲಿಗೆ, ಜಾಲ್ನಾಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಸ್ಥಳ ಮೂಲತಃ ಒಂದು ಹಳ್ಳಿ. ಕಾಲಾಂತರದಲ್ಲಿ ಅದರ ಸುತ್ತ ಕಾರ್ಖಾನೆಗಳ ಬಡಾವಣೆ ಬೆಳೆಯಿತು. ಪ್ರವಾಸಿಗಳ ಕೈಪಿಡಿಗಳು ಚಿಕಲಠಾಣಾದ ವಿಷಯದಲ್ಲಿ ವಿಮಾನ ನಿಲ್ದಾಣವೆಂಬ ಒಂದು ಮಾತಿಗಿಂತ ಹೆಚ್ಚೇನನ್ನೂ ಹೇಳುವುದಿಲ್ಲವಾದರೂ, ನಾನು ಆ ಪ್ರಾಂತದಲ್ಲಿ ಮೆಚ್ಚಿದ ಚಹಾದ ಅಂಗಡಿಗಳಲ್ಲಿ ಮೊದಲನೆಯದು ಅಲ್ಲಿಯೇ ಇದೆ. ಅದಕ್ಕೆ ಹೆಸರಿನ ಹಲಗೆ ಸಹ ಇಲ್ಲ. ತಗಡಿನ ಮಾಡು, ಎರಡು ಬೆಂಚು, ಸದಾ ಉರಿಯುವ ಒಲೆ, ಅದರ ಮೇಲೆ ಹಸಿಶುಂಠಿಯನ್ನು ಜಜ್ಜಿ ಹಾಕಿ, ಅಲ್ಲಿಯವರು ಗವತೀ ಚಹಾ ಎಂದು ಕರೆಯುವ ನಿಂಬೆಹುಲ್ಲಿನ ಎರಡು ಎಳೆಗಳನ್ನು ಸೇರಿಸಿ ಕುದಿಸಿದ ಹಾಲಿನ ಚಹಾ. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕೆಲವರು ಅಲ್ಲಿ ನೆರೆದಿದ್ದರು. ಅವರಲ್ಲಿ ವಯಸ್ಸಾದ ಒಬ್ಬಾತ ಅಂದಿನ ಮರಾಠಿ ಪತ್ರಿಕೆಯ ಅಗ್ರಲೇಖನವನ್ನು, ಎಲ್ಲಿಯೂ ಅವಸರಪಡದೆ, ವಿರಾಮಚಿಹ್ನೆಗಳನ್ನು ಗೌರವಿಸುತ್ತ, ಗಟ್ಟಿಯಾಗಿ ಓದುತ್ತಿದ್ದ. ಮಿಕ್ಕವರು ಲೋಟವನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ನಾನು ಕನ್ನಡದವನೆಂದು ನನ್ನ ಹರಕು ಮರಾಠಿಯಿಂದಲೇ ಊಹಿಸಿದ ಒಬ್ಬ ತರುಣ ಹತ್ತಿರ ಸರಿದು, "ಕಾಕಾ, ಯಾವ್ ಊರ್ರೀ ನಿಮ್ದು? ನಮ್ದು ಭಾಲ್ಕಿ ಕಡಿ" ಎಂದ. ಓದು ಬಾರದವರಿಗಾಗಿ ಆ ಹಿರಿಯರು ಓದಿ ಹೇಳುತ್ತಿದ್ದಾರೆಯೇ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕು, "ಓದ್ಲಾಕ ನಮಗೆಲ್ಲಾರ್ಗೂ ಬರ್ತದ್ರೀ ಕಾಕಾ, ಖರೇ ಕೂಡಿ ಕೇಳೋದ್ರಾಗ ಮಜಾ ಬ್ಯಾರೇನೇ ಅದ" ಎಂದು ಉತ್ತರ ಕೊಟ್ಟ. ಮುಂದೆ ನಾನು ಕಂಡದ್ದನ್ನೆಲ್ಲ ಆ ತರುಣನ ಮಾತಿನ ಬೆಳಕಿನಲ್ಲಿಯೇ ಅರ್ಥಮಾಡಿಕೊಂಡೆನೆಂದು ಹೇಳಿದರೆ ಅದು ಅವನಿಗೆ ಸಲ್ಲಬೇಕಾದ ಋಣವೇ ಸರಿ.

ಚಿಕಲಠಾಣಾದಿಂದ ಪಟ್ಟಣದೊಳಕ್ಕೆ ಹೋಗುವ ಜಾಲ್ನಾ ರಸ್ತೆ ಮುಕುಂದವಾಡಿಯನ್ನೂ ಸಿಡ್ಕೋ ಬಡಾವಣೆಯನ್ನೂ ದಾಟಿ ಕ್ರಾಂತಿ ಚೌಕವನ್ನು ಮುಟ್ಟುತ್ತದೆ. ಆ ದಾರಿಯಲ್ಲಿ ಆಕಾಶವಾಣಿಯ ಕೇಂದ್ರವಿದ್ದು, ಬಸ್ಸು ನಿಲ್ಲುವ ಆ ಸ್ಥಳಕ್ಕೂ ಜನ ಆಕಾಶವಾಣಿಯೆಂದೇ ಹೇಳುತ್ತಾರೆ. "ಆಕಾಶವಾಣೀ, ಆಕಾಶವಾಣೀ" ಎಂದು ರಿಕ್ಷಾದವರು ಕೂಗಿ ಕರೆಯುವುದನ್ನು ಕೇಳಿ ನನಗಾದ ಸಂತೋಷವನ್ನು ಈ ಬಾನುಲಿಯ ಕೊಠಡಿಯಲ್ಲಿರುವ ಮಿತ್ರರು ಸುಲಭವಾಗಿ ಊಹಿಸಬಲ್ಲರು.

ಈ ಪಟ್ಟಣಕ್ಕೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳಿಗೂ ಇರುವ ಸಂಬಂಧ ಕೇವಲ ನೆರೆಹೊರೆಯದಲ್ಲ. ಮೊದಲನೆಯ ನಿಜಾಮನ ರಾಜಧಾನಿ ಇದೇ ಊರಾಗಿತ್ತು. 1763ರಲ್ಲಿ ರಾಜಧಾನಿ ಹೈದರಾಬಾದಿಗೆ ಹೋದ ಮೇಲೆಯೂ, 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿ, ತದನಂತರ 1956ರ ಭಾಷಾವಾರು ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿ, ಈ ಊರಿರುವ ಮರಾಠವಾಡಾದ ಜಿಲ್ಲೆಗಳೂ ನಮ್ಮ ಮೂರು ಜಿಲ್ಲೆಗಳೂ ಒಂದೇ ಮನೆಯ ಒಕ್ಕಲಾಗಿದ್ದುವು. ಕಛೇರಿಯ ಭಾಷೆ ಉರ್ದು, ಉನ್ನತ ವಿದ್ಯೆಯ ಭಾಷೆ ಉರ್ದು. ಮನೆಯಲ್ಲಿ ಆಡುವ ಮರಾಠಿಗೂ ಕನ್ನಡಕ್ಕೂ ತೆಲುಗಿಗೂ ಸರ್ಕಾರದ ಬಾಗಿಲಲ್ಲಿ ಆಸನವಿರಲಿಲ್ಲ. ಅಂಥ ಕಾಲದಲ್ಲಿ ಕನ್ನಡಿಗರು 1928ರಲ್ಲಿ ಕಲಬುರಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಸಾಹಿತ್ಯ ಸಮ್ಮೇಳನಗಳನ್ನು ನಡೆಯಿಸಿದರೆ, ಮರಾಠಿ ಜನ 1943ರಲ್ಲಿ ಮರಾಠವಾಡಾ ಸಾಹಿತ್ಯ ಪರಿಷತ್ತನ್ನು ಕಟ್ಟಿಕೊಂಡರು. ಆ ಪರಿಷತ್ತು ಇಂದು ಸಂಭಾಜಿನಗರದಲ್ಲಿ ನೆಲೆಸಿದ್ದು, ಪೈಠಣದ ಪುರಾತನ ನಾಮಧೇಯವನ್ನು ಧರಿಸಿದ 'ಪ್ರತಿಷ್ಠಾನ' ಎಂಬ ಪತ್ರಿಕೆಯನ್ನು ಪ್ರಕಟಿಸುತ್ತ ಬಂದಿದೆ. ಸಭೆ ಸೇರುವುದೇ ಸಾಹಸವಾಗಿದ್ದ ದಿನಗಳಲ್ಲಿ ಸಭೆ ಸೇರಿಯೇ ತಮ್ಮ ನುಡಿಯನ್ನು ಉಳಿಸಿಕೊಂಡವರ ಸಂತತಿಯವರು ಇವರು. ಒಟ್ಟುಗೂಡಿ ಕೇಳುವ ಅಭ್ಯಾಸಕ್ಕೆ ಈ ಜನ ಕೊಡುವ ಗೌರವದ ಮೂಲ ಅಲ್ಲಿದೆಯೆಂದು ನನ್ನ ಭಾವನೆ.

ಉರ್ದುವಿನ ಮಾತನ್ನು ಆಡಿ, ಆ ಭಾಷೆಯ ಸಾಹಿತ್ಯಕ್ಕೆ ಈ ಊರು ಕೊಟ್ಟುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಉತ್ತರದ ಕವಿಗಳು ಪಾರಸಿಯೊಂದೇ ಕಾವ್ಯಕ್ಕೆ ಯೋಗ್ಯವೆಂದು ನಂಬಿದ್ದ ಕಾಲದಲ್ಲಿ, ದಖ್ಖನಿನ ಆಡುನುಡಿಯಲ್ಲಿ ಗಜಲುಗಳನ್ನು ರಚಿಸಿ, 1700ರಲ್ಲಿ ದೆಹಲಿಗೆ ಹೋಗಿ, ಅಲ್ಲಿಯ ರಸಿಕರ ಕಿವಿಯನ್ನು ತಿರುಗಿಸಿದ ವಲಿ ದಖನಿ ಈ ಊರಿನವನೆಂದು ಪ್ರಸಿದ್ಧ. ಅವನ ತರುವಾಯ ಬಂದ ಸಿರಾಜ್ ಔರಂಗಾಬಾದಿ ಸೂಫಿಯಾಗಿ, ಕವಿಯಾಗಿ ಇಲ್ಲಿಯೇ ಬಾಳಿ 1763ರಲ್ಲಿ ತೀರಿಕೊಂಡ. ನಮ್ಮ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ಭಾಗದಲ್ಲಿ, ಉರ್ದುವಿನ ಪಿತಾಮಹರೆಂದು ಹೆಸರಾದ ಮೌಲ್ವಿ ಅಬ್ದುಲ್ ಹಕ್ಕರು ಅಂಜುಮನ್ ತರಕ್ಕಿ ಉರ್ದು ಎಂಬ ಸಂಸ್ಥೆಯನ್ನು ಈ ಊರಿನಲ್ಲಿಟ್ಟುಕೊಂಡು ನಡೆಯಿಸಿ, 1921ರಲ್ಲಿ 'ಉರ್ದು' ಎಂಬ ತ್ರೈಮಾಸಿಕವನ್ನು ಇಲ್ಲಿಂದಲೇ ಹೊರಡಿಸಿದರು. 1938ರಲ್ಲಿ ಸಂಸ್ಥೆ ದೆಹಲಿಗೆ ಹೋಯಿತು. ಇನ್ನೂ ಹಿಂದಕ್ಕೆ ಹೋದರೆ, ಕಲಬುರಗಿಯ ಖ್ವಾಜಾ ಬಂದೇನವಾಜರು ಬಾಲ್ಯವನ್ನು ಕಳೆದದ್ದು ಸಮೀಪದ ದೌಲತಾಬಾದಿನಲ್ಲಿ. ಅವರ ತಂದೆಯವರ ಸಮಾಧಿ ಎಲ್ಲೋರಾದ ಪಕ್ಕದ ಖುಲ್ದಾಬಾದಿನಲ್ಲಿದೆ. ಕಲಬುರಗಿಯ ಉರುಸಿಗೆ ಹೋಗುವ ನಮ್ಮ ಜನಕ್ಕೆ ಇದು ತಿಳಿದಿದ್ದರೆ ಖುಲ್ದಾಬಾದಿನ ದಾರಿ ಅವರಿಗೆ ಪರಸ್ಥಳದ ದಾರಿಯೆನ್ನಿಸಲಾರದು.

ಹಳೆಯ ಪಟ್ಟಣದ ಹೃದಯ ಗುಲಮಂಡಿ. ಪೈಠಣ ದರವಾಜೆಯಿಂದ ಅಲ್ಲಿಗೆ ನಡೆದು ಹೋಗುವ ಬೀದಿಯಲ್ಲಿ ಬಟ್ಟೆಯಂಗಡಿ, ಪಾತ್ರೆಯಂಗಡಿ, ಪುಸ್ತಕದಂಗಡಿಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಉತ್ತಮ ಮಿಠಾಯಿ ಭಂಡಾರದ ಇಮರತಿಯ ಖ್ಯಾತಿ ಊರಿನಾಚೆಗೂ ಹಬ್ಬಿದೆ. ಉದ್ದಿನ ಹಿಟ್ಟನ್ನು ತುಪ್ಪದಲ್ಲಿ ಕರಿದು ಪಾಕದಲ್ಲಿ ಅದ್ದಿದ ಆ ತಿನಿಸು ನಮ್ಮ ಜಹಾಂಗೀರಿನ ಸಹೋದರನೇ. ಮಾಂಸಾಹಾರಿಗಳು ನಾನ್ ಖಲಿಯಾ ಎಂಬ ಭೋಜ್ಯವನ್ನು ಈ ಊರಿನ ಅಭಿಮಾನದ ವಸ್ತುವಾಗಿ ತೋರಿಸುತ್ತಾರೆ: ಅರಿಸಿನ ಬೆಲ್ಲದ ನೀರನ್ನು ಸವರಿ ತಂದೂರಿನಲ್ಲಿ ಬೇಯಿಸಿದ ರೊಟ್ಟಿ, ಜೊತೆಗೆ ಖಾರದ ಸಾರಿನಲ್ಲಿ ಬೆಂದ ಮಾಂಸ. ಮಹಮದ್ ಬಿನ್ ತುಘಲಕನು 1327ರಲ್ಲಿ ದೆಹಲಿಯ ಜನವನ್ನು ದೌಲತಾಬಾದಿಗೆ ಎಬ್ಬಿಸಿ ತಂದಾಗ ಅವನ ದಂಡಿನವರಿಗಾಗಿ ಹುಟ್ಟಿದ ಅಡುಗೆ ಇದೆಂದು ಊರಿನ ಹಿರಿಯರು ಹೇಳುವ ಕಥೆ.

ತಿನಿಸಿಗಿಂತ ಹೆಚ್ಚಾಗಿ ನಾನು ಹುಡುಕಿದ್ದು ಕುಳಿತುಕೊಳ್ಳುವ ಎಡೆಗಳನ್ನು. ಹೋಟೆಲೊಂದರ ಗುಣವನ್ನು ನಿರ್ಣಯಿಸುವುದಕ್ಕೆ, ಲೋಟ ಬರಿದಾದ ಮೇಲೆ ಮಾಲೀಕ ಗಿರಾಕಿಯನ್ನು ಎಷ್ಟು ಹೊತ್ತು ನೆಮ್ಮದಿಯಿಂದ ಇರಗೊಡುತ್ತಾನೆಂಬುದಕ್ಕಿಂತ ನಂಬತಕ್ಕ ಪರೀಕ್ಷೆ ಬೇರೊಂದಿಲ್ಲ. ಹಳೆಯ ಪಟ್ಟಣದಲ್ಲಿ ಬಾಣಲೆಯ ಸದ್ದಿಗಿಂತ ಮಾತಿನ ಸದ್ದು ಹೆಚ್ಚಾಗಿ ಕೇಳುವ ಹಲವು ಚಹಾದ ಅಂಗಡಿಗಳಿವೆ. ಅವುಗಳಲ್ಲಿ ಒಂದರಲ್ಲಿ, ಹಾಲನ್ನು ಬೇರೆಯಾಗಿ ಗಟ್ಟಿಗೆ ಕಾಯಿಸಿ ಡಿಕಾಕ್ಷನ್ನಿನ ಮೇಲೆ ಸುರಿಯುವ ಹೈದರಾಬಾದಿ ಕ್ರಮದ ಚಹಾವನ್ನು ಮುಂದಿಟ್ಟುಕೊಂಡು, ನಿವೃತ್ತ ಅಧ್ಯಾಪಕರಂತೆ ಕಂಡ ಇಬ್ಬರು, ಒಬ್ಬರು ಮರಾಠಿಯಲ್ಲಿಯೂ ಇನ್ನೊಬ್ಬರು ಉರ್ದುವಿನಲ್ಲಿಯೂ, ಹಿಂದಿನ ರಾತ್ರಿಯ ಒಂದು ಮುಶಾಯಿರಾದ ಶೇರುಗಳನ್ನು ಒಂದೊಂದಾಗಿ ತೂಗಿ ನೋಡುತ್ತಿದ್ದರು. ಇಬ್ಬರೂ ತಮ್ಮ ತಮ್ಮ ಭಾಷೆಯನ್ನು ಬಿಡಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆಯೂ ಹೋಗಲಿಲ್ಲ. ಅಂಗಡಿಯವನು ಎರಡು ಸಲ ಅವರ ಮೇಜನ್ನು ಒರಸಿದನೇ ಹೊರತು ಏಳಿರೆಂದು ಸೂಚಿಸಲಿಲ್ಲ.

ಈ ಊರಿನ ಸಾಹಿತ್ಯದ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಆಳವಾಗಿ ತಟ್ಟಿದ ಅಧ್ಯಾಯ ನಾಗಸೇನವನದ್ದು. ಡಾಕ್ಟರ್ ಅಂಬೇಡ್ಕರರು ತಮ್ಮ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಮೂಲಕ 1950ರಲ್ಲಿ ಇಲ್ಲಿ ಸ್ಥಾಪಿಸಿದ ಕಾಲೇಜು ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಪ್ರಸಿದ್ಧವಾಯಿತು. ಬೌದ್ಧ ಭಿಕ್ಷು ನಾಗಸೇನನನ್ನು ಪ್ರಶ್ನೆ ಕೇಳಿ ಕೇಳಿ ಜ್ಞಾನವನ್ನು ಸಂಪಾದಿಸಿದ ಯವನ ರಾಜನ ಹೆಸರು ಕಾಲೇಜಿಗೆ, ಉತ್ತರ ಕೊಟ್ಟ ಭಿಕ್ಷುವಿನ ಹೆಸರು ಅದರ ಆವರಣಕ್ಕೆ. ಅಕ್ಷರವನ್ನು ಶತಮಾನಗಳ ಕಾಲ ಯಾರಿಂದ ಮರೆಮಾಡಿ ಇಡಲಾಗಿತ್ತೋ ಅವರ ಮಕ್ಕಳು, ಹತ್ತಿರದ ದೂರದ ಹಳ್ಳಿಗಳಿಂದ ಬಂದು, ಇಲ್ಲಿಯ ವಸತಿಗೃಹಗಳಲ್ಲಿದ್ದು ಓದಿದರು. ಓದಿದ ಮೇಲೆ ಬರೆದರು. ಪ್ರಾಧ್ಯಾಪಕ ಚಿಟಣೀಸರು ರಚಿಸಿದ 'ಯುಗಯಾತ್ರಾ' ಎಂಬ ನಾಟಕವನ್ನು ಇಲ್ಲಿಯ ವಿದ್ಯಾರ್ಥಿಗಳು 1955ರಲ್ಲಿ ಸ್ವತಃ ಅಂಬೇಡ್ಕರರ ಸಮ್ಮುಖದಲ್ಲಿಯೇ ಆಡಿ ತೋರಿಸಿದರು. 1960ರ ದಶಕದ ಕೊನೆಯಲ್ಲಿ ಗಂಗಾಧರ ಪಾನತಾವಣೆಯವರು 'ಅಸ್ಮಿತಾದರ್ಶ' ತ್ರೈಮಾಸಿಕವನ್ನು ಇದೇ ಊರಿನಿಂದ ಆರಂಭಿಸಿ, ಇನ್ನೆಲ್ಲಿಯೂ ಅಚ್ಚಾಗದೆ ಹಿಂದಿರುಗುತ್ತಿದ್ದ ಬರಹಗಳಿಗೆ ಅದರಲ್ಲಿ ಸ್ಥಾನವನ್ನು ಕಲ್ಪಿಸಿ, ಅಷ್ಟಕ್ಕೆ ತೃಪ್ತರಾಗದೆ ಊರೂರುಗಳಲ್ಲಿ ಅಸ್ಮಿತಾದರ್ಶ ಮೇಳಗಳನ್ನು ಕೂಡಿಸಿ, ಹೊಸ ಲೇಖಕರನ್ನು ವೇದಿಕೆಯ ಮೇಲೆ ನಿಲ್ಲಿಸಿ ಓದಿಸಿದರು. ಪತ್ರಿಕೆಯೊಂದೇ ಸಾಲದು, ಬರೆದವನ ಕಂಠವನ್ನು ಅವನ ಜನ ಕೇಳಬೇಕು ಎಂಬ ವಿವೇಕ ಅದರಲ್ಲಿತ್ತು. ಅರ್ಧ ಶತಮಾನದಷ್ಟು ಕಾಲ ಆ ಪತ್ರಿಕೆಯನ್ನು ಪೊರೆದ ಪಾನತಾವಣೆಯವರಿಗೆ 2018ರಲ್ಲಿ ಪದ್ಮಶ್ರೀ ಗೌರವ ಬಂದಿತು. ಅದೇ ವರ್ಷ ಮಾರ್ಚಿನಲ್ಲಿ ಅವರು ನಿಧನರಾದರು. ನಮ್ಮಲ್ಲಿ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಗಿ ಕನ್ನಡ ಕಾವ್ಯದ ದನಿಯೇ ಬದಲಾದಾಗ, ಅದಕ್ಕೆ ಮುಂಚಿನಿಂದಲೂ ಅಂಥದೇ ಒಂದು ದನಿ ಈ ಊರಿನಿಂದ ಎದ್ದು ಬರುತ್ತಿತ್ತೆಂಬುದನ್ನು ನೆನೆದರೆ ಎರಡು ನಾಡುಗಳ ನಡುವಣ ಅಂತರ ಬಹಳ ಕಿರಿದಾಗಿ ಕಾಣುತ್ತದೆ.

ಎಲ್ಲೋರಾವನ್ನು ಕುರಿತು ನಾನು ವಿಸ್ತರಿಸುವುದಿಲ್ಲ. ರಾಷ್ಟ್ರಕೂಟ ಕೃಷ್ಣರಾಜನ ಕೈಲಾಸವನ್ನು ಬಣ್ಣಿಸಿದವರು ಅನೇಕರಿದ್ದಾರೆ. ಆದರೆ ಕೈಲಾಸವನ್ನು ನೋಡಿ ದಣಿದವರು ಹಿಂದಿರುಗುವ ಮುನ್ನ, ತುಸು ದೂರದ ಜೈನ ಗುಹೆಗಳಿಗೂ ಹೋಗಿ, ಜಗನ್ನಾಥ ಸಭೆಯೆಂಬ ಗುಹೆಯ ಕಂಬಗಳಲ್ಲಿ ಹಳಗನ್ನಡದ ಅಕ್ಷರಗಳಿರುವುದನ್ನು ಕಾಣಬೇಕೆಂದು ಮಾತ್ರ ವಿಜ್ಞಾಪಿಸುತ್ತೇನೆ. ಸಂಭಾಜಿನಗರದ ದಕ್ಷಿಣಕ್ಕೆ ಪೈಠಣ, ಗೋದಾವರಿಯ ದಡದಲ್ಲಿ. ಶಾತವಾಹನರ ಕಾಲದಲ್ಲಿ ಹಾಲನ ಪ್ರಾಕೃತ ಗಾಥೆಗಳೂ ಗುಣಾಢ್ಯನ ಕಥೆಗಳೂ ಹುಟ್ಟಿದುವೆಂದು ಪರಂಪರೆ ಹೇಳುವ ಆ ಊರಿನಲ್ಲಿ, ಹದಿನಾರನೆಯ ಶತಮಾನದಲ್ಲಿ ಸಂತ ಏಕನಾಥರು, ಮುನ್ನೂರು ವರ್ಷಗಳ ಕಾಲ ಕೈಯಿಂದ ಕೈಗೆ ನಕಲಾಗಿ ಪಾಠ ಕೆಟ್ಟಿದ್ದ ಜ್ಞಾನೇಶ್ವರಿಯನ್ನು 1584ರಲ್ಲಿ ಪರಿಷ್ಕರಿಸಿ ಶುದ್ಧ ಪಾಠವನ್ನು ಸಿದ್ಧಗೊಳಿಸಿದರು. ಕೀರ್ತನೆಯಲ್ಲಿ ನಿತ್ಯವೂ ಆ ಗ್ರಂಥವನ್ನು ಹೇಳುತ್ತಿದ್ದವರೇ ಅದರ ಪಾಠವನ್ನು ತಿದ್ದಿದರೆಂಬುದು ನಮ್ಮ ಸಂಪಾದಕರು ಮನಸ್ಸಿನಲ್ಲಿಡತಕ್ಕ ಸಂಗತಿ.

ಸಂಭಾಜಿನಗರದಿಂದ ನಾಸಿಕಕ್ಕೆ ಪಡುವಣದ ಕಡೆಗೆ ಹೋಗುವ ಮಾರ್ಗದಲ್ಲಿ ಯೇವಲಾ ಎಂಬ ನೇಕಾರರ ಊರು ಸಿಕ್ಕುತ್ತದೆ. ಪೈಠಣಿ ಸೀರೆಗಳನ್ನು ಕೊಳ್ಳುವುದಕ್ಕಾಗಿ ಅಲ್ಲಿ ಇಳಿಯುವವರು ಬಹಳ. 1935ರ ಅಕ್ಟೋಬರ್ 13ರಂದು, ಹಿಂದೂವಾಗಿ ಹುಟ್ಟಿದುದು ತಮ್ಮ ಕೈಯಲ್ಲಿರಲಿಲ್ಲವಾದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಸಾರಿದ ಸಭೆ ನಡೆದುದು ಈ ಊರಿನಲ್ಲಿಯೇ. ಅದಕ್ಕೆ ಐದು ವರ್ಷ ಹಿಂದೆ, 1930ರ ಮಾರ್ಚ್ 2ರಂದು, ನಾಸಿಕದ ಕಾಳಾರಾಮ ದೇವಾಲಯದ ಬಾಗಿಲಲ್ಲಿ ಅವರು ಆರಂಭಿಸಿದ ಸತ್ಯಾಗ್ರಹ ಬಾಗಿಲನ್ನು ತೆರೆಯಿಸಲಾಗದೆ ಹೋದುದರ ಫಲ ಆ ಘೋಷಣೆ. ಆ ಸತ್ಯಾಗ್ರಹದಲ್ಲಿ ತರುಣನಾಗಿ ಭಾಗವಹಿಸಿದವರಲ್ಲಿ ವಿಷ್ಣು ವಾಮನ ಶಿರವಾಡಕರ ಒಬ್ಬರು. ಮುಂದೆ ಅವರು ಕುಸುಮಾಗ್ರಜರಾದರು.

ಕುಸುಮಾಗ್ರಜರ ಹೆಸರನ್ನು ಹೇಳದೆ ನಾಸಿಕದಲ್ಲಿ ಯಾವ ಸಾಹಿತ್ಯದ ಮಾತೂ ಮುಗಿಯುವುದಿಲ್ಲ. ಪುಣೆಯಲ್ಲಿ 1912ರಲ್ಲಿ ಹುಟ್ಟಿ, ನಾಸಿಕವನ್ನು ತಮ್ಮ ಊರಾಗಿ ಮಾಡಿಕೊಂಡು, 1942ರಲ್ಲಿ 'ವಿಶಾಖಾ' ಕವಿತಾಸಂಗ್ರಹದಿಂದ ಮರಾಠಿಯ ತರುಣರನ್ನು ಸೂರೆಗೊಂಡು, 1970ರಲ್ಲಿ 'ನಟಸಮ್ರಾಟ' ನಾಟಕವನ್ನು ರಂಗಕ್ಕೆ ಕೊಟ್ಟು, 1987ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದು, 1999ರಲ್ಲಿ ಅದೇ ಊರಿನಲ್ಲಿ ದೇಹವನ್ನು ಬಿಟ್ಟ ಈ ಕವಿಯ ಹುಟ್ಟಿದ ದಿನವಾದ ಫೆಬ್ರುವರಿ 27ನ್ನು ಮಹಾರಾಷ್ಟ್ರವೆಲ್ಲ ಮರಾಠಿ ಭಾಷೆಯ ಗೌರವದ ದಿನವಾಗಿ ಆಚರಿಸುತ್ತದೆ. ಅವರ ಹೆಸರಿನ ಪ್ರತಿಷ್ಠಾನ ವರ್ಷ ಬಿಟ್ಟು ವರ್ಷ ಕೊಡುವ ಜನಸ್ಥಾನ ಪುರಸ್ಕಾರ ಮರಾಠಿ ಲೇಖಕರು ಅತ್ಯಂತ ಆದರದಿಂದ ಕಾಣುವ ಗೌರವಗಳಲ್ಲಿ ಒಂದು. ರಾಮಾಯಣದ ಜನಸ್ಥಾನವೂ ಪಂಚವಟಿಯೂ ಇದೇ ನೆಲವೆಂಬ ನಂಬಿಕೆಯಿಂದ ಬಂದ ಹೆಸರು ಅದು. ಅದೇ ಪ್ರತಿಷ್ಠಾನದಿಂದ ಹೊರಟ 'ಗ್ರಂಥ ತುಮಚ್ಯಾ ದಾರೀ' ಎಂಬ ಯೋಜನೆ ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಓದುಗರ ಬಾಗಿಲಿಗೆ ಕಳುಹಿಸಿ, ಓದಿ ಮುಗಿದ ಮೇಲೆ ಪೆಟ್ಟಿಗೆಗಳನ್ನು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ. ನಾಸಿಕದಲ್ಲಿ ಕುಸುಮಾಗ್ರಜರು ಒಬ್ಬರೇ ಇರಲಿಲ್ಲ. ನಾಟಕಕಾರ ವಸಂತ ಕಾನೇಟಕರರು ಇಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1963ರಲ್ಲಿ ಪ್ರಕಟವಾದ 'ಜೇವ್ಹಾ ಮೀ ಜಾತ ಚೋರಲೀ ಹೋತೀ' ಕಥಾಸಂಗ್ರಹದಿಂದ ಮರಾಠಿ ಗದ್ಯವನ್ನು ನಡುಗಿಸಿದ ಬಾಬುರಾವ ಬಾಗೂಲರೂ ಈ ಊರಿನ ಮಗ್ಗುಲಲ್ಲಿ ಹುಟ್ಟಿದವರೇ.

ನಾಸಿಕದ ಸಾರ್ವಜನಿಕ ವಾಚನಾಲಯವನ್ನು ಊರಿನವರು ಪ್ರೀತಿಯಿಂದ 'ಸಾವಾನಾ' ಎಂದು ಚಿಕ್ಕದಾಗಿ ಕರೆಯುತ್ತಾರೆ. ಅದು ಸ್ಥಾಪಿತವಾದುದು 1840ರಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಡುವುದಕ್ಕೂ 3 ವರ್ಷ ಮೊದಲು ಇಲ್ಲಿ ಒಂದು ಗ್ರಂಥಭಂಡಾರ ಬಾಗಿಲು ತೆರೆದಿತ್ತು! ಅದರ ಒಳಗೆ ನಾಟಕಶಾಲೆಯಿದೆ, ವಸ್ತುಸಂಗ್ರಹಾಲಯವಿದೆ, ಜಿಲ್ಲೆಯ ಲೇಖಕರು ಕೂಡಿ ಸಮಾವೇಶ ನಡೆಯಿಸುವ ಪದ್ಧತಿಯಿದೆ. ದೀಪಾವಳಿಯ ವಿಶೇಷಾಂಕಗಳ ವಿಷಯದಲ್ಲಿ ಮರಾಠಿಯವರಿಗಿರುವ ವ್ಯಾಮೋಹ ನಮಗೆ ಅಪರಿಚಿತವಲ್ಲವಾದರೂ ಅವರದು ನಮ್ಮದಕ್ಕಿಂತ ತೀವ್ರವಾದದ್ದು. 1909ರಲ್ಲಿ 'ಮನೋರಂಜನ' ಪತ್ರಿಕೆ ತಂದ ಸಂಚಿಕೆಯಿಂದ ಆರಂಭವಾದ ಆ ಸಂಪ್ರದಾಯ ಇಂದು ನೂರಾರು ಅಂಕಗಳಾಗಿ ಬೆಳೆದಿದೆ, ಅವನ್ನು ಸರದಿಯ ಮೇಲೆ ಓದುವುದಕ್ಕಾಗಿಯೇ ವಾಚನಾಲಯಗಳಲ್ಲಿ ಪ್ರತ್ಯೇಕ ವಂತಿಗೆ ಕಟ್ಟುತ್ತಾರೆ.

ಅಲ್ಲಿ ಪುಸ್ತಕಗಳನ್ನು ಹಿಂದಿರುಗಿಸಲು ಬಂದಿದ್ದ ಮಧ್ಯವಯಸ್ಸಿನ ಗೃಹಿಣಿಯೊಬ್ಬರು ನಾನು ಕರ್ನಾಟಕದವನೆಂದು ತಿಳಿದೊಡನೆ ಕೇಳಿದ್ದು ಭೈರಪ್ಪನವರ ವಿಷಯ. 'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಗಳ ವಿಚಾರದಲ್ಲಿ ಅವರು ಆಡಿದ ಮಾತು ಯಾವ ಕನ್ನಡ ವಿಮರ್ಶಕನ ಮಾತಿಗೂ ಕಡಿಮೆಯಾಗಿರಲಿಲ್ಲ. ಮರಾಠಿಯಲ್ಲಿ ಭೈರಪ್ಪನವರಿಗೂ ಕಾರಂತರಿಗೂ ದೊರೆತಿರುವ ವಾಚಕವೃಂದವನ್ನು ಸೃಷ್ಟಿಸಿದ ಪುಣ್ಯ ಬಹುಪಾಲು ಪುಣೆಯ ಉಮಾ ಕುಲಕರ್ಣಿಯವರದು. 'ವಂಶವೃಕ್ಷ'ದ ಅನುವಾದಕ್ಕೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರ 1989ರ ಸಾಲಿನಲ್ಲಿ ಬಂದಿತು. ಅವರು ಕೆಲಸಮಾಡುತ್ತ ಬಂದ ಕ್ರಮ ಅಪೂರ್ವವಾದದ್ದು: ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಡುತ್ತಿದ್ದರು, ಉಮಾ ಅವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆಯುತ್ತಿದ್ದರು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹಾಯ್ದು ಬಂದ ಕನ್ನಡದ ಕಾದಂಬರಿ ಗೋದಾವರಿಯ ದಡದ ವಾಚನಾಲಯದಲ್ಲಿ, ಓದಿ ಓದಿ ಅಂಚು ಸವೆದು, ಮತ್ತೆ ರಟ್ಟು ಕಟ್ಟಿಸಿಕೊಂಡು ಕುಳಿತಿರುವುದನ್ನು ನೋಡಿದಾಗ ನನ್ನ ಮನಸ್ಸು ತುಂಬಿ ಬಂದಿತು. ಕನ್ನಡದ ಗಡಿ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಶ್ರೀವಿಜಯನ ಉತ್ತರ ಈ ಅರ್ಥದಲ್ಲಿ ಇಂದಿಗೂ ಸತ್ಯವಾಗಿದೆ.

ಇನ್ನು ನಾಸಿಕದ ಮಿಸಳ. ಮೊಳಕೆ ಬರಿಸಿದ ಮಡಿಕೆಕಾಳಿನ ಪಲ್ಯ, ಮೇಲೆ ಸೇವು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ. ಪಕ್ಕದಲ್ಲಿ ಕೆಂಪಗೆ ಎಣ್ಣೆ ತೇಲುವ ತರ್ರಿ, ಪಾವ್, ನಿಂಬೆಹೋಳು, ಮೊಸರು, ಹಾಗೂ ನಾಸಿಕದವರು ಎಂದಿಗೂ ಮರೆಯದ ಹಪ್ಪಳ. ಭಾನುವಾರದ ಬೆಳಗ್ಗೆ ಕುಟುಂಬಗಳು ಊರಿನ ಹೊರವಲಯದ ತೋಟಗಳ ಮಿಸಳದ ಮನೆಗಳಿಗೆ ಹೊರಡುತ್ತವೆ. ಗಂಗಾಪುರ ಸಾತಪುರಗಳ ನಡುವಣ ರಸ್ತೆಯಲ್ಲಿ, ಸೌದೆಯ ಒಲೆಯ ಮೇಲೆ ಬೇಯಿಸಿ ಬಡಿಸುವ ಸಾಧನಾ ಎಂಬ ಉಪಾಹಾರಗೃಹ ಇವುಗಳಲ್ಲಿ ಬಹು ಪ್ರಸಿದ್ಧ. ಅಲ್ಲಿಯ ರುಚಿಯನ್ನು ನಾನು ಮನಸಾರೆ ಮೆಚ್ಚಿದರೂ, ನನ್ನ ಪ್ರೀತಿಗೆ ಪಾತ್ರವಾದದ್ದು ಹಳೆಯ ನಾಸಿಕದ ಇಕ್ಕಟ್ಟಾದ ಪೇಟೆಗಳೊಳಗಿನ ಚಿಕ್ಕ ಮಿಸಳದಂಗಡಿಗಳು. ಮರದ ಮೇಜುಗಳು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರು, ರಸ್ಸಾ ಇನ್ನೂ ಬೇಕೆ ಎಂದು ಪಾತ್ರೆ ಹಿಡಿದು ತಿರುಗುವ ಹುಡುಗ. ವಾಚನಾಲಯದಿಂದ ಹೊರಟವರ ಕೈಯಲ್ಲಿ ಪುಸ್ತಕಗಳಿರುತ್ತವೆ. ತಿಂಡಿ ಬರುವವರೆಗೆ ಅವುಗಳ ಮಾತಾಗುತ್ತದೆ, ತಿಂಡಿ ಮುಗಿದ ಮೇಲೂ ನಿಲ್ಲುವುದಿಲ್ಲ. ಊರಿನ ಹೊಸ ಭಾಗಗಳಲ್ಲಿ ನಮ್ಮ ಉಡುಪಿಯ ಕಡೆಯವರು ನಡೆಯಿಸುವ ಹೋಟೆಲುಗಳೂ ಇವೆ. ಅವುಗಳಲ್ಲೊಂದರ ಯಜಮಾನರು ಗಲ್ಲೆಯ ಮೇಲೆ ಕನ್ನಡದ ವಾರಪತ್ರಿಕೆಯನ್ನೂ ಮರಾಠಿಯ ದಿನಪತ್ರಿಕೆಯನ್ನೂ ಜೊತೆಯಾಗಿಟ್ಟುಕೊಂಡಿದ್ದರು. "ಊರಿನ ಸುದ್ದಿ ಇದರಲ್ಲಿ ಓದ್ತೇನೆ ಮಾರಾಯ್ರೆ, ಈ ಊರಿನ ಸುದ್ದಿ ಅದರಲ್ಲಿ. ನಮಗೆ ಎರಡೂ ಊರು ಬೇಕಲ್ಲ" ಎಂದ ಅವರು ನನ್ನಿಂದ ಕಾಫಿಯ ಹಣವನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ.

ನಾನು ಮೇ ತಿಂಗಳಲ್ಲಿಯೇ ಹೋದುದಕ್ಕೆ ಕಾರಣ ನಾಸಿಕದ ವಸಂತ ವ್ಯಾಖ್ಯಾನಮಾಲೆ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಪುಣೆಯಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಅನುಸರಿಸಿ ಮಹಾರಾಷ್ಟ್ರದ ಹಲವು ಊರುಗಳಲ್ಲಿ ಬೇಸಗೆಯ ಉಪನ್ಯಾಸಮಾಲೆಗಳು ಹುಟ್ಟಿದುವು; ನಾಸಿಕದ್ದು ನೂರು ವರ್ಷವನ್ನು ಮೀರಿ ನಡೆಯುತ್ತ ಬಂದಿದೆ. ಅದು ನಡೆಯುವ ಸ್ಥಳ ಸಭಾಂಗಣವಲ್ಲ, ಗೋದಾವರಿಯ ಘಾಟಿನ ಮೇಲಿನ ಯಶವಂತರಾವ ಮಹಾರಾಜರ ಪಟಾಂಗಣ. ಈ ಯಶವಂತರಾಯರು ಸಾಟಾಣಾದಲ್ಲಿ ಮಾಮಲೇದಾರರಾಗಿದ್ದ ಸರ್ಕಾರಿ ಅಧಿಕಾರಿ. 1870ರ ಬರಗಾಲದಲ್ಲಿ ಜನ ಹಸಿವಿನಿಂದ ನರಳುವುದನ್ನು ಕಂಡು ಸರ್ಕಾರದ ಖಜಾನೆಯನ್ನೇ ತೆರೆದು ಹಂಚಿದರೆಂದು ಜನ ಅವರನ್ನು ದೇವಮಾಮಲೇದಾರರೆಂದು ಪೂಜಿಸಿದರು. 1887ರಲ್ಲಿ ನಾಸಿಕದಲ್ಲಿ ಅವರು ತೀರಿಕೊಂಡ ಮೇಲೆ ನದಿಯ ದಡದಲ್ಲಿ ಅವರ ದೇವಾಲಯವೆದ್ದಿತು. ಕಂದಾಯದ ಅಧಿಕಾರಿಯೊಬ್ಬನಿಗೆ ಗುಡಿ ಕಟ್ಟಿದ ಜನ ಅದರ ಅಂಗಳವನ್ನು ವಿಚಾರದ ವೇದಿಕೆಯಾಗಿ ಮಾಡಿಕೊಂಡುದನ್ನು ನಾನು ಎಷ್ಟು ಹೊಗಳಿದರೂ ನನಗೆ ತೃಪ್ತಿಯಿಲ್ಲ.

ಸಂಜೆಯಾಗುತ್ತಿದ್ದಂತೆ, ಹಗಲೆಲ್ಲ ಕಾದ ಕಲ್ಲು ಇನ್ನೂ ಆರಿರುವುದಿಲ್ಲವಾದರೂ, ಜನ ಬರತೊಡಗುತ್ತಾರೆ. ಟಿಕೆಟಿಲ್ಲ, ಆಹ್ವಾನಪತ್ರಿಕೆಯಿಲ್ಲ. ನಿವೃತ್ತರು ಮೊದಲ ಸಾಲುಗಳನ್ನು ಹಿಡಿಯುತ್ತಾರೆ. ಅಂಗಡಿಯ ಬಾಗಿಲೆಳೆದು ಬಂದವರು, ಕಾಲೇಜಿನ ಹುಡುಗಿಯರು, ಕ್ಷೇತ್ರಕ್ಕೆಂದು ಬಂದು ಧ್ವನಿವರ್ಧಕದ ಸದ್ದಿಗೆ ನಿಂತ ಯಾತ್ರಿಕರು ಹಿಂದೆ ಸೇರುತ್ತಾರೆ. ಅರ್ಥಶಾಸ್ತ್ರ, ಇತಿಹಾಸ, ಕೃಷಿ, ವೈದ್ಯ, ಕಾವ್ಯ, ದಿನಕ್ಕೊಂದು ವಿಷಯ, ದಿನಕ್ಕೊಬ್ಬ ವಕ್ತಾರ. ನಾನು ಕೇಳಿದ ಭಾಷಣ ನದಿಗಳ ನೀರಿಗೆ ಸಂಬಂಧಪಟ್ಟದ್ದು. ಅದರ ಪಾಂಡಿತ್ಯ ನನ್ನನ್ನು ಸಂತೋಷಪಡಿಸಿತಾದರೂ ಅದಕ್ಕಿಂತ ಹೆಚ್ಚಾಗಿ ನನ್ನ ಗಮನವನ್ನು ಸೆಳೆದದ್ದು ಸಭೆ. ಒಪ್ಪಿಗೆಯಾದ ಮಾತಿಗೆ ತಲೆಯಾಡಿಸಿ, ಒಪ್ಪದ ಮಾತಿಗೆ ಪಕ್ಕದವನ ಮುಖ ನೋಡಿ, ಕೊನೆಯವರೆಗೆ ಕುಳಿತು ಕೇಳಿದ ಆ ಸಭೆ ಮುಗಿದೊಡನೆ ಕರಗಿ ಹೋಗಲಿಲ್ಲ. ಐದಾರು ಜನರ ಗುಂಪುಗಳಾಗಿ ಒಡೆದು ರವಿವಾರ ಕಾರಂಜಾದ ಕಡೆಯ ಚಹಾದ ಅಂಗಡಿಗಳಿಗೆ ನಡೆದು, ಅಲ್ಲಿ ಭಾಷಣದ ಉತ್ತರಾರ್ಧವನ್ನು ತಾನೇ ನಡೆಯಿಸಿತು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಉಪನ್ಯಾಸಗಳನ್ನೂ, ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಕೂಡುತ್ತಿದ್ದ ಲೇಖಕರ ಹರಟೆಯನ್ನೂ ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ನಮ್ಮ ಅನೇಕ ಜಿಲ್ಲಾಪಟ್ಟಣಗಳಲ್ಲಿ ಅಂಥ ಅಂಗಳಗಳೂ ಇವೆ, ಅಂಥ ನದಿಗಳೂ ಇವೆ. ಬೇಸಗೆಯ ಸಂಜೆಗಳಂತೂ ಧಾರಾಳವಾಗಿವೆ.

ಮುಂದಿನ ಮೇ ತಿಂಗಳಲ್ಲಿ ಆ ಕಡೆ ಹೋಗುವ ವಿಚಾರವಿದ್ದವರು ಮಧ್ಯಾಹ್ನವನ್ನು ವಾಚನಾಲಯದ ತಂಪಿನಲ್ಲಿ ಕಳೆದು ಸಂಜೆಗೆ ಸ್ವಲ್ಪ ಮುಂಚಿತವಾಗಿಯೇ ಪಟಾಂಗಣವನ್ನು ಸೇರತಕ್ಕದ್ದು, ಏಕೆಂದರೆ ಒಳ್ಳೆಯ ವಕ್ತಾರರಿದ್ದ ದಿನ ಕೂರಲು ಸ್ಥಳ ಸಿಕ್ಕುವುದು ಕಷ್ಟ. ಬಿಸಿಲನ್ನು ತಾಳಲಾರದವರು ಫೆಬ್ರುವರಿ 27ರ ಸುಮಾರಿಗೆ ಹೋದರೆ ಕುಸುಮಾಗ್ರಜರ ಜಯಂತಿಯ ಕಾರ್ಯಕ್ರಮಗಳು ದೊರೆಯುತ್ತವೆ; ಫಾಲ್ಗುಣ ಬಹುಳ ಷಷ್ಠಿಯವರೆಗೆ ಉಳಿಯಬಲ್ಲವರು ಪೈಠಣದಲ್ಲಿ ಏಕನಾಥರ ಉತ್ಸವದ ಕೀರ್ತನೆಗಳನ್ನೂ ಕೇಳಬಹುದು. ಸಂಭಾಜಿನಗರದಿಂದ ಹಿಂದಿರುಗುವವರಿಗೆ ವಿಮಾನ ನಿಲ್ದಾಣವನ್ನು ಸೇರುವ ಮುನ್ನ ಒಂದು ಗಂಟೆ ಬಿಡುವಿದ್ದರೆ, ಚಿಕಲಠಾಣಾದಲ್ಲಿ ಕಾರ್ಖಾನೆಗಳ ಬೀದಿಯ ಕಡೆಗೆ ಹೋಗಿ ನಿಂಬೆಹುಲ್ಲಿನ ಚಹಾ ಎಲ್ಲಿ ಸಿಕ್ಕುತ್ತದೆಂದು ವಿಚಾರಿಸಿದರೆ ಸಾಕು, ಯಾರಾದರೂ ತೋರಿಸುತ್ತಾರೆ.